ತಟ್ಟೆಯಲ್ಲಿ ಮಿಡಿಯುವ ಹೃದಯ ಮತ್ತು ಅಡಿಕೆ ಮಾರಿದ ದುಡ್ಡು

2025ರಲ್ಲಿ ಜಪಾನಿನ ಒಸಾಕಾದಲ್ಲಿ ವಿಶ್ವ ಎಕ್ಸ್‌ಪೋ ನಡೆಯಿತಲ್ಲ, ಅಲ್ಲಿ ಒಂದು ಪುಟ್ಟ ಹೃದಯವನ್ನು ಪ್ರದರ್ಶನಕ್ಕಿಟ್ಟಿದ್ದರು. ಹೆಬ್ಬೆರಳಿನಷ್ಟು ದೊಡ್ಡದು. ಕೊಲಾಜೆನ್‌ನಿಂದ ಮಾಡಿದ ಅಚ್ಚಿನ ಮೇಲೆ ಆಕರಕೋಶಗಳಿಂದ ಬೆಳೆಸಿದ ಹೃದಯದ ಸ್ನಾಯುಕೋಶಗಳನ್ನು ಕೂರಿಸಿದ್ದು. ದ್ರವದಲ್ಲಿ ಮುಳುಗಿಕೊಂಡು ತನ್ನ ಪಾಡಿಗೆ ತಾನು ಮಿಡಿಯುತ್ತಿತ್ತು. ಅದರ ವಿಡಿಯೋ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೂ ಬಂತು. ಜೊತೆಗೆ ಯಾರೋ ಪುಣ್ಯಾತ್ಮರು ಬರೆದ ಒಕ್ಕಣೆ: "ಇನ್ನು ಹಾರ್ಟ್ ಅಟ್ಯಾಕಿಗೆ ಹೆದರಬೇಕಿಲ್ಲ, ಹೊಸ ಹೃದಯ ರೆಡಿ!!"

ನೋಡಲು ಮೈ ಜುಮ್ಮೆನ್ನುತ್ತದೆ, ಸುಳ್ಳು ಹೇಳುವುದಿಲ್ಲ. ದೇಹವಿಲ್ಲ, ತಲೆಯಿಲ್ಲ, ರಕ್ತವಿಲ್ಲ, ಆದರೂ ಲಬ್ ಡಬ್. ಆದರೆ ಅವತ್ತಿನಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಲೇ ಇದೆ. ಈ ಮಿಡಿತ ಅನ್ನೋದಿದೆಯಲ್ಲ, ಈ ಇಡೀ ವಿದ್ಯೆಯಲ್ಲಿ ಅದೇ ಎಲ್ಲಕ್ಕಿಂತ ಸುಲಭದ ಭಾಗ. ಮತ್ತು ನಮಗೆ ಮಾರಲಾಗುತ್ತಿರುವುದೂ ಅದನ್ನೇ.

ಮೊದಲು ಸ್ವಲ್ಪ ಹಿನ್ನೆಲೆ. ನಾನು ಓದಿದ್ದು ಇಂಜಿನಿಯರಿಂಗ್, ಜೀವಶಾಸ್ತ್ರಕ್ಕೆ ಪಿಯುಸಿಯಲ್ಲೇ ಕೈ ಮುಗಿದವನು. ಆದರೆ ಮನೆಯಲ್ಲಿ ಒಂದು ಕಾರಣ ಹುಟ್ಟಿಕೊಂಡಿದ್ದರಿಂದ (ಮುಂದೆ ಹೇಳುತ್ತೇನೆ) ಕೆಲವು ತಿಂಗಳು ರಾತ್ರಿ ಕೂತು ಇದನ್ನೇ ಓದಿದೆ. ಸ್ಟೆಮ್ ಸೆಲ್‌ಗೆ ಕನ್ನಡದಲ್ಲಿ ಕಾಂಡಕೋಶ, ಮೂಲಕೋಶ, ಆಕರಕೋಶ ಅಂತ ಮೂರ್ನಾಲ್ಕು ಹೆಸರು ಓಡಾಡುತ್ತಿವೆ. ಕಾಂಡಕೋಶ ಅಂದರೆ ಬಾಳೆದಿಂಡು ನೆನಪಾಗುತ್ತೆ. ನನಗೆ ಆಕರಕೋಶವೇ ಇಷ್ಟ, ಹಾಗಾಗಿ ಅದನ್ನೇ ಬಳಸುತ್ತೇನೆ. ಬೇರೆ ಪದ ಇಷ್ಟ ಇರುವವರು ಜಗಳಕ್ಕೆ ಬರಬಹುದು :)

ಹೃದಯದ ಸ್ನಾಯುವಿನ ದೊಡ್ಡ ತೊಂದರೆ ಏನೆಂದರೆ ಅದು ಮತ್ತೆ ಬೆಳೆಯುವುದಿಲ್ಲ. ಚರ್ಮ ಕಿತ್ತುಹೋದರೆ ಬರುತ್ತೆ, ಲಿವರ್ ಕೊಯ್ದರೂ ಬೆಳೆಯುತ್ತೆ, ಹೃದಯ ಮಾತ್ರ ಇಲ್ಲ. ಪೂರ್ತಿ ಇಲ್ಲ ಅಂತಲೂ ಅಲ್ಲ. 2009ರಲ್ಲಿ ಸ್ವೀಡನ್ನಿನ ಯೋನಾಸ್ ಫ್ರಿಸೆನ್ ಅವರ ತಂಡ ಇದನ್ನು ಲೆಕ್ಕ ಹಾಕಿದ ಉಪಾಯ ಭಲೇ ಮಜವಾಗಿದೆ. ಶೀತಲ ಸಮರದ ಕಾಲದಲ್ಲಿ ಬಯಲಲ್ಲಿ ಅಣುಬಾಂಬ್ ಸಿಡಿಸಿ ಪರೀಕ್ಷೆ ಮಾಡುತ್ತಿದ್ದರಲ್ಲ, ಆಗ ಗಾಳಿಯಲ್ಲಿ ಕಾರ್ಬನ್-14 ಏರಿತ್ತು, 1963ರ ಒಪ್ಪಂದದ ನಂತರ ನಿಧಾನವಾಗಿ ಇಳಿಯಿತು. ಕೋಶ ಹುಟ್ಟುವಾಗ ಅದರ ಡಿಎನ್‌ಎಯಲ್ಲಿ ಆ ವರ್ಷದ ಕಾರ್ಬನ್ ಸೇರಿಕೊಳ್ಳುತ್ತೆ, ಒಂಥರಾ ಟೈಮ್‌ಸ್ಟ್ಯಾಂಪ್. ಅದನ್ನು ಓದಿ ಅವರು ಹೇಳಿದ್ದು: 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ನೂರಕ್ಕೆ ಒಂದು ಹೃದಯಕೋಶ ಹೊಸದಾಗುತ್ತೆ, 75ಕ್ಕೆ ಬರುವಷ್ಟರಲ್ಲಿ ಅದು ಅರ್ಧಕ್ಕೂ ಕಡಿಮೆ, 0.45. ಒಂದು ದೊಡ್ಡ ಹೃದಯಾಘಾತವಾದರೆ ಕೆಲವೇ ಗಂಟೆಗಳಲ್ಲಿ ನೂರು ಕೋಟಿ ಕೋಶ ಸಾಯಬಹುದು. ಈ ವೇಗದಲ್ಲಿ ಆ ನಷ್ಟ ತುಂಬುವ ಹೊತ್ತಿಗೆ ನಾವಿರುವುದಿಲ್ಲ.

ಹಾಗಾಗಿ ಹೊರಗೆ ಬೆಳೆಸುವ ಯೋಚನೆ. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ ಮನುಷ್ಯನ ಭ್ರೂಣದ ಆಕರಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. 2001ರಲ್ಲಿ ಇಸ್ರೇಲಿನ ಹೈಫಾದ ಗೆಪ್‌ಸ್ಟೈನ್ ಅವರ ತಂಡ ಅವುಗಳಿಂದ ಮಿಡಿಯುವ ಹೃದಯಕೋಶ ಮಾಡಿ ತೋರಿಸಿತು. ಭ್ರೂಣದ ವಿಷಯದಲ್ಲಿ ಧರ್ಮ, ನೀತಿ ಅಂತ ದೊಡ್ಡ ರಾದ್ಧಾಂತ ನಡೆಯುತ್ತಿರುವಾಗಲೇ ಕ್ಯೋಟೋದ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಕ್ಕೆ ನಾಲ್ಕೇ ನಾಲ್ಕು ಜೀನ್ ಸೇರಿಸಿ ಅದನ್ನು ಮತ್ತೆ ಆಕರಕೋಶವನ್ನಾಗಿ ಮಾಡಿಬಿಟ್ಟರು. ಫ್ಯಾಕ್ಟರಿ ರೀಸೆಟ್! 2012ರಲ್ಲಿ ಅವರಿಗೂ ಜಾನ್ ಗರ್ಡನ್ ಅವರಿಗೂ ನೊಬೆಲ್ ಬಂತು. ಈಗ ನಿಮ್ಮ ತೋಳಿನಿಂದ ಒಂದು ಟ್ಯೂಬು ರಕ್ತ ತೆಗೆದುಕೊಂಡರೆ ಸಾಕು, ನಿಮ್ಮದೇ ಜೀನ್‌ಗಳಿರುವ ಹೃದಯಕೋಶ ಮಾಡಬಹುದು.

ಮಾಡುವ ಕ್ರಮವೂ ಈಗ ಅಡುಗೆ ರೆಸಿಪಿ ಥರ ಆಗಿದೆ. 2012ರಲ್ಲಿ ಲಿಯಾನ್, ಪಾಲೆಚೆಕ್ ಮುಂತಾದವರು ಕೊಟ್ಟ ವಿಧಾನವನ್ನೇ ಅಲ್ಪಸ್ವಲ್ಪ ಬದಲಾಯಿಸಿ ಎಷ್ಟೋ ಕಡೆ ಬಳಸುತ್ತಾರೆ. ತಟ್ಟೆಯಲ್ಲಿ ಆಕರಕೋಶಗಳು ಹದವಾಗಿ ತುಂಬಿಕೊಳ್ಳಬೇಕು, ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. 37 ಡಿಗ್ರಿ ಬಿಸಿ, ಗಾಳಿಯಲ್ಲಿ ಶೇಕಡಾ 5 ಇಂಗಾಲದ ಡೈಆಕ್ಸೈಡ್. ಮೊದಲ ದಿನ ಒಂದು ರಾಸಾಯನಿಕ ಹಾಕಿ ಕೋಶದೊಳಗಿನ 'ವಿಂಟ್' ಎನ್ನುವ ಸಂಕೇತವನ್ನು ಜೋರು ಮಾಡಬೇಕು, ಎರಡು ಮೂರು ದಿನ ಬಿಟ್ಟು ಇನ್ನೊಂದು ಹಾಕಿ ಅದೇ ಸಂಕೇತವನ್ನು ಅಡಗಿಸಬೇಕು. ಗರ್ಭದಲ್ಲಿ ಮಗುವಿನ ಹೃದಯ ಮೂಡುವಾಗ ನಡೆಯುವುದೂ ಹೆಚ್ಚುಕಡಿಮೆ ಇದೇ. ಮೊದಲ ವಾರ ಇನ್ಸುಲಿನ್ ಪಥ್ಯ. ಎಂಟರಿಂದ ಹನ್ನೆರಡನೇ ದಿನದೊಳಗೆ ಒಂದು ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಟ್ಟೆಯ ಒಂದು ಮೂಲೆ ಅದುರುತ್ತಿರುತ್ತದೆ.

ನನಗೆ ಇದರಲ್ಲಿ ಅತಿ ಇಷ್ಟವಾದದ್ದು ಶುದ್ಧ ಮಾಡುವ ಹಂತ. ತಟ್ಟೆಯಲ್ಲಿ ಹೃದಯಕೋಶಗಳ ಜೊತೆ ಬೇಡದ ಕೋಶಗಳೂ ಇರುತ್ತವಲ್ಲ, ಅವನ್ನು ತೆಗೆಯಲು ಜಪಾನಿನ ಕೇಯೋ ವಿಶ್ವವಿದ್ಯಾಲಯದ ತಂಡ 2013ರಲ್ಲಿ ಒಂದು ಉಪಾಯ ಹೇಳಿತು. ಗ್ಲೂಕೋಸ್ ನಿಲ್ಲಿಸಿಬಿಡಿ, ಬದಲಿಗೆ ಲ್ಯಾಕ್ಟೇಟ್ ಕೊಡಿ. ಹೃದಯಕೋಶಕ್ಕೆ ಲ್ಯಾಕ್ಟೇಟ್ ತಿಂದು ಬದುಕಲು ಬರುತ್ತೆ, ಉಳಿದವಕ್ಕೆ ಬರುವುದಿಲ್ಲ. ಅನ್ನ ಬಿಟ್ಟು ಅವಲಕ್ಕಿಯಲ್ಲಿ ಏಕಾದಶಿ ಮುಗಿಸುವವರು ಉಳಿದರು, ಆಗದವರು ಹೋದರು. ಹೃದಯಕೋಶಗಳು ಮಾತ್ರ ತಟ್ಟೆಯಲ್ಲಿ ಉಳಿಯುತ್ತವೆ.

ಸರಿ, ಹಾಗಾದರೆ ಹೊಸ ಹೃದಯ ರೆಡಿ ಅಲ್ವಾ? ಅಲ್ಲ.

ತಟ್ಟೆಯಲ್ಲಿರುವುದು ದೊಡ್ಡವರ ಹೃದಯಕೋಶ ಅಲ್ಲವೇ ಅಲ್ಲ. ಅದು ಗರ್ಭದಲ್ಲಿರುವ ಮಗುವಿನದಕ್ಕೆ ಹತ್ತಿರ. ಆಕಾರ ನೋಡಿದರೆ ಗುಂಡಗೆ, ಬೆಳೆದದ್ದು ಇಟ್ಟಿಗೆಯಂತೆ ಉದ್ದಕ್ಕಿರುತ್ತದೆ. ಬೆಳೆದ ಕೋಶ ಮುಖ್ಯವಾಗಿ ಕೊಬ್ಬನ್ನು ಉರಿಸಿ ಬದುಕಿದರೆ ಇದಕ್ಕಿನ್ನೂ ಸಕ್ಕರೆಯೇ ಬೇಕು. ವಿದ್ಯುತ್ ಸಂಕೇತವನ್ನು ಕೋಶದ ಒಳಕ್ಕೆ ಒಯ್ಯುವ ಸಣ್ಣ ಕಾಲುವೆಗಳೂ ಸರಿಯಾಗಿ ಮೂಡಿರುವುದಿಲ್ಲ. ಮತ್ತು ಎಲ್ಲಕ್ಕಿಂತ ತಮಾಷೆ ಕೇಳಿ, ನಾವು ಬಾಯಿ ಬಿಟ್ಟುಕೊಂಡು ನೋಡುವ ಆ ಮಿಡಿತವೇ ಅದು ಎಳಸು ಅನ್ನುವುದಕ್ಕೆ ಸಾಕ್ಷಿ. ಬೆಳೆದ ಹೃದಯದ ಕೆಳಗಿನ ಕೋಣೆಯ ಸ್ನಾಯುಕೋಶ ಸುಮ್ಮಸುಮ್ಮನೆ ಮಿಡಿಯುವುದಿಲ್ಲ. ಮೇಲಿನಿಂದ ಪೇಸ್‌ಮೇಕರ್ ಕೋಶಗಳು ಸಂಕೇತ ಕೊಡುವ ತನಕ ಸುಮ್ಮನಿರುತ್ತದೆ. ತಟ್ಟೆಯ ಕೋಶಕ್ಕೆ ಆ ಶಿಸ್ತು ಇನ್ನೂ ಬಂದಿರುವುದಿಲ್ಲ, ಅದಕ್ಕೇ ತನ್ನಷ್ಟಕ್ಕೆ ಕುಣಿಯುತ್ತೆ!

ಈ ಕುಣಿತ ಹೃದಯದೊಳಗೆ ಹೋದರೆ ಏನಾಗುತ್ತೆ? 2014ರಲ್ಲಿ ಸಿಯಾಟಲ್‌ನ ಚಾರ್ಲ್ಸ್ ಮರ್ರಿ ಅವರ ತಂಡ ಕೋತಿಗಳ ಗಾಯಗೊಂಡ ಹೃದಯಕ್ಕೆ ನೂರು ಕೋಟಿ ಇಂಥ ಕೋಶಗಳನ್ನು ಹಾಕಿತು. ಕೋಶಗಳು ಬದುಕಿದವು, ಸುತ್ತಲಿನ ಸ್ನಾಯುವಿನ ಜೊತೆ ಸೇರಿ ಮಿಡಿದವು, ದೊಡ್ಡ ಸಾಧನೆಯೇ. ಆದರೆ ಎಲ್ಲ ಕೋತಿಗಳಿಗೂ ಹೃದಯದ ಲಯ ತಪ್ಪಿತು. ಅದನ್ನು ಸರಿಮಾಡಲು ಹೊರಟ ಅದೇ ಊರಿನ ಗುಂಪು 2023ರಲ್ಲಿ ಮೂರು ಜೀನ್ ತೆಗೆದು ಒಂದನ್ನು ಜೋರು ಮಾಡಿದ ಕೋಶಗಳನ್ನು ಹಂದಿಗಳಲ್ಲಿ ಹಾಕಿ, ಲಯ ತಪ್ಪುವುದನ್ನು ತಡೆಯಬಹುದು ಅಂತ ತೋರಿಸಿತು. ಗಮನಿಸಿ, ಒಂದು ಬಗ್ ಕಂಡು ಅದಕ್ಕೊಂದು ಪ್ಯಾಚ್ ಸಿಗಲು ಒಂಬತ್ತು ವರ್ಷ. ನಮ್ಮ ಮ್ಯಾನೇಜರ್ ಆಗಿದ್ದರೆ ಶುಕ್ರವಾರ ಸಂಜೆಗೆ ಬೇಕು ಅನ್ನುತ್ತಿದ್ದರು.

ಮನುಷ್ಯರಲ್ಲೂ ಶುರುವಾಗಿದೆ, ಇಲ್ಲ ಅನ್ನುವುದಿಲ್ಲ. ಒಸಾಕಾದ ಯೋಶಿಕಿ ಸಾವಾ ಅವರ ತಂಡ 2020ರ ಜನವರಿಯಲ್ಲಿ ಹತ್ತು ಕೋಟಿ ಕೋಶಗಳ ಹಾಳೆಗಳನ್ನು ರೋಗಿಯ ಹೃದಯದ ಮೇಲೆ ಅಂಟಿಸಿತು, ಅದರಿಂದ ಹುಟ್ಟಿದ ಕಂಪನಿ 2025ರ ಏಪ್ರಿಲ್‌ನಲ್ಲಿ ಜಪಾನ್ ಸರ್ಕಾರಕ್ಕೆ ಅನುಮತಿಗಾಗಿ ಅರ್ಜಿ ಹಾಕಿತು. ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಝಿಮ್ಮರ್‌ಮನ್ ಅವರ ಗುಂಪು ನಲವತ್ತು ಕೋಟಿ ಕೋಶಗಳ ತೇಪೆ ಹಾಕಿಸಿಕೊಂಡ ಮಹಿಳೆಯೊಬ್ಬರ ವಿವರವನ್ನು 2025ರ ಜನವರಿಯಲ್ಲಿ ಪ್ರಕಟಿಸಿತು. ಮೂರು ತಿಂಗಳ ಮೇಲೆ ಆಕೆಗೆ ದಾನಿಯ ಹೃದಯ ಸಿಕ್ಕಾಗ, ಹಳೆಯ ಹೃದಯವನ್ನು ಪರೀಕ್ಷಿಸಿ ತೇಪೆ ಬದುಕಿದೆ ಅಂತ ಖಚಿತ ಮಾಡಿಕೊಂಡರು. ಇವೆಲ್ಲ ಒಂದೊಂದೇ ಹೆಜ್ಜೆ, ಬಹಳ ಎಚ್ಚರದ ಹೆಜ್ಜೆ. ನನಗೆ ಇವರ ಮೇಲೆ ಗೌರವವಿದೆ. ತಕರಾರು ಇರುವುದು ಬೇರೆಯವರ ಮೇಲೆ.

ಹೃದಯದ ಕೋಶ ಅಂದರೆ ಜನ ಮರುಳಾಗುವುದು ಇವತ್ತಿನದ್ದಲ್ಲ. 1912ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಅಲೆಕ್ಸಿಸ್ ಕ್ಯಾರೆಲ್ ಎಂಬ ನೊಬೆಲ್ ವಿಜ್ಞಾನಿ ಕೋಳಿ ಭ್ರೂಣದ ಹೃದಯದ ಚೂರನ್ನು ಗಾಜಿನಲ್ಲಿ ಬೆಳೆಸಲು ಶುರುಮಾಡಿದರು. ಅದು 1946ರ ತನಕ, ಮೂವತ್ತನಾಲ್ಕು ವರ್ಷ ನಡೆಯಿತು. ಕೋಳಿಯೇ ಅಷ್ಟು ವರ್ಷ ಬದುಕುವುದಿಲ್ಲ! ಪತ್ರಿಕೆಗಳು ಅದನ್ನು ಸಾವಿಲ್ಲದ ಹೃದಯ ಅಂತ ಕೊಂಡಾಡಿದವು. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಬಂದು, ಸಾಮಾನ್ಯ ಕೋಶಗಳು ಇಂತಿಷ್ಟೇ ಸಲ ವಿಭಜನೆಯಾಗಿ ನಿಲ್ಲುತ್ತವೆ ಅಂತ ತೋರಿಸಿದ ಮೇಲೆಯೇ ಜನಕ್ಕೆ ಅನುಮಾನ ಬಂದಿದ್ದು. ಆಹಾರವಾಗಿ ಹಾಕುತ್ತಿದ್ದ ಭ್ರೂಣದ ರಸದಲ್ಲೇ ಹೊಸ ಕೋಶಗಳು ಸೇರಿಕೊಳ್ಳುತ್ತಿದ್ದಿರಬಹುದು ಅನ್ನುವುದು ಒಂದು ವಿವರಣೆ. ಅಲ್ಲಿಯವರೆಗೆ ಅರ್ಧ ಶತಮಾನ ಎಲ್ಲರೂ ನಂಬಿದ್ದರು.

ಅದಾದರೂ ಗಾಜಿನೊಳಗೇ ಇತ್ತು, ಯಾರಿಗೂ ಚುಚ್ಚಲಿಲ್ಲ. 2001ರಲ್ಲಿ ಪಿಯೆರೋ ಆನ್ವೆರ್ಸಾ ಅವರ ಗುಂಪು, ಮೂಳೆಮಜ್ಜೆಯ ಕೋಶ ಹಾಕಿದರೆ ಇಲಿಯ ಸತ್ತ ಹೃದಯಸ್ನಾಯು ಮತ್ತೆ ಬೆಳೆಯುತ್ತೆ ಅಂತ ಬರೆಯಿತು. 2004ರಲ್ಲೇ ಎರಡು ಬೇರೆ ಗುಂಪುಗಳು ನಮಗೆ ಹಾಗೆ ಕಾಣಲಿಲ್ಲ, ಮಜ್ಜೆಯ ಕೋಶ ಹೃದಯಕೋಶ ಆಗುವುದಿಲ್ಲ ಅಂದವು. ಕೇಳಿದವರು ಯಾರು? ಅಷ್ಟರಲ್ಲಿ ದೇಶದೇಶಗಳಲ್ಲಿ ರೋಗಿಗಳ ಹೃದಯಕ್ಕೆ ಮಜ್ಜೆ ಹಾಕುವುದು ಶುರುವಾಗಿಬಿಟ್ಟಿತ್ತು. 2018ರ ಅಕ್ಟೋಬರ್‌ನಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಬ್ರಿಗಮ್ ಆಸ್ಪತ್ರೆ, ಆ ಪ್ರಯೋಗಾಲಯದಿಂದ ಬಂದ 31 ಪ್ರಬಂಧಗಳಲ್ಲಿ ಸುಳ್ಳು ದತ್ತಾಂಶ ಇದೆ, ವಾಪಸ್ ತೆಗೆಯಿರಿ ಅಂತ ಪತ್ರಿಕೆಗಳಿಗೆ ಹೇಳಿದವು.

ಈಗ ಮನೆಯ ವಿಷಯ. ಸಾಗರದ ಹತ್ತಿರ ನಮ್ಮ ದೊಡ್ಡಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿ ಎರಡು ವರ್ಷವಾಯಿತು. ಜೀವ ಉಳಿಯಿತು, ಆದರೆ 'ಪಂಪಿಂಗ್' ಮೂವತ್ತಕ್ಕೆ ಇಳಿದಿದೆ. ತೋಟದ ದರೆ ಹತ್ತಿದರೆ ಏದುಸಿರು. ಯಾರೋ ಹೇಳಿದರು ಅಂತ ಅಣ್ಣ ಅವರನ್ನು ಬೆಂಗಳೂರಿನ ಒಂದು 'ಕೇಂದ್ರ'ಕ್ಕೆ ಕರೆದುಕೊಂಡು ಬಂದಿದ್ದ. ಹೊಟ್ಟೆಯ ಕೊಬ್ಬು ತೆಗೆದು ಅದರಿಂದ ಸ್ಟೆಮ್ ಸೆಲ್ ಬೇರೆ ಮಾಡಿ ಚುಚ್ಚುತ್ತೇವೆ, ಪಂಪಿಂಗ್ ಐವತ್ತಕ್ಕೆ ಬರುತ್ತೆ, ನಾಲ್ಕು ಲಕ್ಷ ಅಂದರಂತೆ. ಅಣ್ಣ ಫೋನ್ ಮಾಡಿದ, "ತಮಾ, ನೀ ಬೆಂಗ್ಳೂರಲ್ಲಿದ್ದೆ, ಒಂಚೂರು ವಿಚಾರ್ಸಿ ನೋಡಾ. ಐವತ್ತು ಸಾವಿರ ಅಡ್ವಾನ್ಸ್ ಕೊಟ್ಟಾಜು." ಆ ವರ್ಷದ ಅಡಿಕೆ ಮಾರಿದ ದುಡ್ಡು.

ನಾನೂ ಹೋದೆ. ಎಸಿ ಹಾಲು, ಗಣಪತಿ ವಿಗ್ರಹ, ಗೋಡೆಯಲ್ಲೊಂದು ದೊಡ್ಡ ಟಿವಿ. ಟಿವಿಯಲ್ಲಿ ಏನು ಗೊತ್ತಾ? ತಟ್ಟೆಯಲ್ಲಿ ಮಿಡಿಯುವ ಹೃದಯಕೋಶಗಳು!

ಇಲ್ಲಿ ನನ್ನ ಸಿಟ್ಟು ಅರ್ಥವಾಗಬೇಕಾದರೆ ಮೇಲಿನದ್ದೆಲ್ಲ ಓದಿರಬೇಕು. ಆ ವಿಡಿಯೋದಲ್ಲಿ ಇರುವುದು ಯಮನಾಕ ದಾರಿಯ ಕೋಶಗಳು, ವಾರಗಟ್ಟಲೆ ಸಾಕಿ ಹೃದಯಕೋಶವಾಗಿ ಮಾಡಿದ್ದು. ಇವರು ಚುಚ್ಚುವುದು ಕೊಬ್ಬಿನಿಂದ ತೆಗೆದ, ಎಂದೂ ಹೃದಯಕೋಶ ಆಗದ ಬೇರೆಯೇ ಕೋಶ. ಒಂದರ ವಿಡಿಯೋ ತೋರಿಸಿ ಇನ್ನೊಂದನ್ನು ಮಾರುವುದು. ಹೆಸರು ಎರಡಕ್ಕೂ ಒಂದೇ, 'ಸ್ಟೆಮ್ ಸೆಲ್'. ಅಷ್ಟು ಸಾಕು ವ್ಯಾಪಾರಕ್ಕೆ. ಹೊಕ್ಕುಳಬಳ್ಳಿಯ ರಕ್ತ ಕೂಡಿಡಿ ಅಂತ ನಮ್ಮ ಟೆಕ್‌ಪಾರ್ಕಿನ ಕ್ಯಾಂಟೀನಿನಲ್ಲಿ ಸ್ಟಾಲ್ ಹಾಕುವವರೂ ಇದೇ ಉಪಾಯ ಮಾಡುತ್ತಾರೆ. ಆ ರಕ್ತದಲ್ಲಿರುವುದು ರಕ್ತವನ್ನು ಹುಟ್ಟಿಸುವ ಕೋಶ, ಹೃದಯವನ್ನಲ್ಲ.

ನಮ್ಮಲ್ಲಿ ನಿಯಮ ಇಲ್ಲವೆಂದಲ್ಲ. ಐಸಿಎಂಆರ್ 2017ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿದೆ: ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿ ಥರದ್ದು ಬಿಟ್ಟರೆ ಬೇರೆ ಯಾವುದಕ್ಕೆ ಆಕರಕೋಶ ಕೊಟ್ಟರೂ ಅದು ಚಿಕಿತ್ಸೆಯಲ್ಲ, ಪ್ರಯೋಗ. ಪ್ರಯೋಗವಾದರೆ ಸಿಟಿಆರ್‌ಐ ನೋಂದಣಿ ಇರಬೇಕು (2009ರ ಜೂನ್‌ನಿಂದ ಕಡ್ಡಾಯ), ರೋಗಿಯಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ನಾನು ಕೌಂಟರಿನಲ್ಲಿ ನೋಂದಣಿ ಸಂಖ್ಯೆ ಕೇಳಿದೆ. "ಸರ್, ಅದು ಪ್ರೋಸೆಸ್‌ನಲ್ಲಿದೆ" ಅಂದಳು ಆ ಹುಡುಗಿ. ಪಾಪ, ಅವಳದ್ದೇನು ತಪ್ಪು. ದೊಡ್ಡಪ್ಪ ಇಷ್ಟು ಹೊತ್ತು ಸುಮ್ಮನಿದ್ದವರು ಎದ್ದು, "ಯಂಗೆ ಬ್ಯಾಡದಾ ತಮಾ, ಮಾತ್ರೆ ಸಾಕು" ಅಂದು ಚಪ್ಪಲಿ ಹಾಕಿಕೊಂಡರು. ಅಡ್ವಾನ್ಸು ವಾಪಸ್ ಬರಲಿಲ್ಲ.

ಇಷ್ಟೆಲ್ಲ ಹೇಳಿದೆ ಅಂತ ತಟ್ಟೆಯ ಕೋಶ ಪ್ರಯೋಜನವಿಲ್ಲದ್ದು ಅಂದುಕೊಳ್ಳಬೇಡಿ. ನನ್ನ ವಾದ ಉಲ್ಟಾ. ಅದರ ದೊಡ್ಡ ಉಪಯೋಗ ಎದೆಯೊಳಗೆ ಹಾಕುವುದರಲ್ಲಿ ಇಲ್ಲ, ತಟ್ಟೆಯಲ್ಲೇ ಇಟ್ಟು ಪರೀಕ್ಷೆ ಮಾಡುವುದರಲ್ಲಿ ಇದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಟೆಸ್ಟ್ ಸರ್ವರ್. ಟೆಸ್ಟ್ ಸರ್ವರನ್ನು ಎತ್ತಿ ಪ್ರೊಡಕ್ಷನ್‌ಗೆ ಹಾಕುವ ಆತುರ ಎಲ್ಲರಿಗೂ, ಟೆಸ್ಟ್ ಮಾಡುವ ತಾಳ್ಮೆ ಯಾರಿಗೂ ಇಲ್ಲ.

ಸಿಸಾಪ್ರೈಡ್ ಅಂತ ಎದೆಯುರಿಗೆ ಒಂದು ಮಾತ್ರೆ ಇತ್ತು. ಹೊಟ್ಟೆಗೆ ಕೊಟ್ಟಿದ್ದು ಕೆಲವರ ಹೃದಯದ ಲಯ ಕೆಡಿಸಿ ಜೀವ ತೆಗೆಯಿತು. ಹೃದಯಕೋಶದಲ್ಲಿ ಪೊಟ್ಯಾಸಿಯಂ ಹೊರಹೋಗುವ ಒಂದು ದ್ವಾರವನ್ನು ಅದು ಮುಚ್ಚುತ್ತಿತ್ತು, ಹಾಗಾಗಿ ಪ್ರತಿ ಬಡಿತದ ನಂತರ ಕೋಶ ಸುಧಾರಿಸಿಕೊಳ್ಳುವುದು ತಡವಾಗುತ್ತಿತ್ತು. ಅಮೆರಿಕದಲ್ಲಿ 2000ನೇ ಇಸವಿಯಲ್ಲೇ ಮಾರುಕಟ್ಟೆಯಿಂದ ತೆಗೆದರು. ನಮ್ಮಲ್ಲಿ ನಿಷೇಧವಾಗಿದ್ದು 2011ರಲ್ಲಿ. ಹನ್ನೊಂದು ವರ್ಷ! ಇಂಥದ್ದನ್ನು ಇಲಿಯ ಮೇಲೆ ಪರೀಕ್ಷಿಸಿದರೆ ಗೊತ್ತಾಗುವುದೇ ಇಲ್ಲ. ಸಣ್ಣಿಲಿಯ ಹೃದಯ ನಿಮಿಷಕ್ಕೆ ಐನೂರು ಆರುನೂರು ಸಲ ಬಡಿಯುತ್ತೆ, ಅದು ಸುಧಾರಿಸಿಕೊಳ್ಳಲು ಬಳಸುವ ದ್ವಾರಗಳೇ ಬೇರೆ. ಆದರೆ ತಟ್ಟೆಯ ಮಾನವ ಕೋಶ, ಎಳಸಾಗಿದ್ದರೂ, ಆ ದ್ವಾರವನ್ನು ಹೊಂದಿದೆ. ಕೆಳಗೆ ಸಣ್ಣ ವಿದ್ಯುದ್ವಾರಗಳನ್ನಿಟ್ಟು, ಮದ್ದು ಹಾಕಿ, ಲಯ ಹೇಗೆ ಬದಲಾಗುತ್ತೆ ನೋಡಬಹುದು. ಅಮೆರಿಕ 2022ರ ಡಿಸೆಂಬರ್‌ನಲ್ಲಿ, ಭಾರತ 2023ರ ಮಾರ್ಚ್‌ನಲ್ಲಿ ಇಂಥ ಪರೀಕ್ಷೆಗಳನ್ನು ಪ್ರಾಣಿಗಳ ಬದಲಿಗೆ ಬಳಸಲು ಕಾನೂನಿನಲ್ಲೇ ದಾರಿ ಮಾಡಿಕೊಟ್ಟವು. ನಮ್ಮ ಪತ್ರಿಕೆಗಳಲ್ಲಿ ಇದು ಒಂದು ಕಾಲಂ ಸುದ್ದಿಯಾಗಿಯೂ ನನ್ನ ಕಣ್ಣಿಗೆ ಬೀಳಲಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಸ್ತನ ಕ್ಯಾನ್ಸರ್‌ಗೆ ಕೊಡುವ ಡಾಕ್ಸೋರುಬಿಸಿನ್ ಕೆಲವರ ಹೃದಯವನ್ನು ಹಾಳು ಮಾಡುತ್ತೆ, ಕೆಲವರಿಗೆ ಏನೂ ಆಗುವುದಿಲ್ಲ. 2016ರಲ್ಲಿ ಬರ್ರಿಜ್, ಜೋಸೆಫ್ ವು ಮುಂತಾದವರು ಎರಡೂ ಬಗೆಯ ರೋಗಿಗಳ ಕೋಶಗಳಿಂದ ಹೃದಯಕೋಶ ಬೆಳೆಸಿ ಮದ್ದು ಹಾಕಿದರು. ಯಾರ ಹೃದಯ ಹಾಳಾಗಿತ್ತೋ ಅವರ ತಟ್ಟೆಯ ಕೋಶಗಳೇ ಹೆಚ್ಚು ಸತ್ತವು. ಒಬ್ಬೊಬ್ಬರ ಹೃದಯದ ಸ್ವಭಾವ ಅವರವರ ತಟ್ಟೆಯಲ್ಲಿ ಕಾಣಿಸುತ್ತೆ ಅಂದ ಹಾಗಾಯಿತು.

ನನ್ನ ತಕರಾರು ಇರುವುದು ಇಲ್ಲಿಯೇ. ಯಾರ ತಟ್ಟೆ? ಜಗತ್ತಿನ ಕೋಶ ಬ್ಯಾಂಕುಗಳಲ್ಲಿ ಬಹುಪಾಲು ಇರುವುದು ಯುರೋಪ್ ಮೂಲದವರ ಕೋಶ. ನಮ್ಮ ಜೀನ್‌ಗಳ ಕಥೆ ಬೇರೆ ಇದೆ. ಹೃದಯಸ್ನಾಯುವಿನ ಒಂದು ಪ್ರೋಟೀನಿನ ಜೀನ್‌ನಲ್ಲಿ (ಎಂವೈಬಿಪಿಸಿ3) 25 ಅಕ್ಷರಗಳು ಬಿಟ್ಟುಹೋಗಿರುವುದು ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಸುಮಾರು ನಾಲ್ಕು ಮಂದಿಯಲ್ಲಿದೆ, ಅದು ಹೃದಯದ ಸ್ನಾಯು ಕಾಯಿಲೆಗೆ ಸಂಬಂಧಿಸಿದೆ ಅಂತ 2009ರಲ್ಲಿ ಧಂಡಪಾಣಿ, ಹೈದರಾಬಾದಿನ ತಂಗರಾಜ್ ಮುಂತಾದವರು ಬರೆದರು. ಬಸ್ಸಿನಲ್ಲಿ ಐವತ್ತು ಜನ ಇದ್ದರೆ ಇಬ್ಬರಿಗೆ ಇರುತ್ತೆ! 2020ರಲ್ಲಿ ಇನ್ನೊಂದು ಅಧ್ಯಯನ ಬಂದು, ಅಪಾಯದ ಬಹುಪಾಲು ಆ 25 ಅಕ್ಷರಗಳದ್ದಲ್ಲ, ಅದರ ಜೊತೆಗೆ ಕೆಲವರಲ್ಲಿ ಮಾತ್ರ ಬರುವ ಇನ್ನೊಂದು ಅಪರೂಪದ ಬದಲಾವಣೆಯದ್ದು ಅಂದಿತು. ಅಂದರೆ ಉಳಿದ ಕೋಟ್ಯಂತರ ಜನ ಹೆದರಬೇಕೋ ಬೇಡವೋ? ಇದನ್ನು ತೀರ್ಮಾನಿಸಲು ಒಂದು ಒಳ್ಳೆಯ ದಾರಿ, ಎರಡೂ ಬಗೆಯವರ ರಕ್ತ ತೆಗೆದುಕೊಂಡು, ಹೃದಯಕೋಶ ಬೆಳೆಸಿ, ಅಕ್ಕಪಕ್ಕ ಇಟ್ಟು ನೋಡುವುದು. ಧಂಡಪಾಣಿಯವರು ಆಮೇಲೆ ಬಂದು ಪ್ರಯೋಗಾಲಯ ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, ಜಿಕೆವಿಕೆ ಆವರಣದ ಇನ್‌ಸ್ಟೆಮ್‌ನಲ್ಲಿ. ಏರ್‌ಪೋರ್ಟ್ ಬಸ್ಸಿನಲ್ಲಿ ಹೋಗುವಾಗ ನಾವೆಲ್ಲ ದಾಟುವ ಜಾಗ.

ಈ ಕೆಲಸಕ್ಕೆ ಬೇಕಾದ್ದು ಮಹಾ ಜಟಿಲವಾದ್ದೇನಲ್ಲ. ಒಂದು ಟ್ಯೂಬು ರಕ್ತ, ಕೊಡುವವರ ತಿಳುವಳಿಕೆಯ ಒಪ್ಪಿಗೆ, ಮತ್ತು ಭಾನುವಾರವೂ ಬಂದು ಕೋಶಗಳಿಗೆ ಆಹಾರ ಹಾಕುವ ವಿದ್ಯಾರ್ಥಿಗಳು. ಒಪ್ಪಿಗೆ ಪತ್ರ ಕನ್ನಡದಲ್ಲಿ, ಅದೂ ದೊಡ್ಡಪ್ಪನಂಥವರಿಗೆ ಅರ್ಥವಾಗುವ ಕನ್ನಡದಲ್ಲಿ ಇರಬೇಕು. ನಮ್ಮಂಥವರು ಬರೆದುಕೊಡಬಹುದಾದ್ದು ಅದನ್ನೇ. ನಾನು ಒಂದು ಕರಡು ಶುರು ಮಾಡಿದ್ದೇನೆ, 'ಆಕರಕೋಶ' ಅನ್ನುವ ಪದಕ್ಕೆ ದೊಡ್ಡಪ್ಪ "ಹಾಂಗಂದ್ರೆಂತದು?" ಅಂದಲ್ಲಿಗೆ ನಿಂತಿದೆ. ಒಳ್ಳೆಯ ಪದ ಇದ್ದರೆ ಹೇಳಿ.